ಹಾಡಿನ ನಡುವೆ ಕೆಮ್ಮು ಒತ್ತರಿಸಿ ಬಂದರೆ?

ಪ್ರಶ್ನೆ: ನಾನು ಗೋಣಿಕೊಪ್ಪದವಳು. ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಡಿಸೆಂಬರಿನಲ್ಲಿ ವಿರಾಜಪೇಟೆಯ ಒಂದು ಮದುವೆಯಲ್ಲಿ ಊಟ ಮುಗಿಸಿ ಸ್ಟೇಜ್ ಹತ್ತಿದೆ. ಎರಡನೇ ಚರಣದಲ್ಲಿ ಗಂಟಲು ಕೆರೆದು ಕೆಮ್ಮು ಶುರುವಾಯಿತು. ತಡೆದಷ್ಟೂ ಜಾಸ್ತಿ, ಕಣ್ಣಲ್ಲೆಲ್ಲಾ ನೀರು. ಈಗ ಮೈಕ್ ಹಿಡಿದರೆ ಅದೇ ಭಯ. ಏನು ಮಾಡಲಿ?

ಉತ್ತರ: ಊಟ ಏನಿತ್ತು ಅಂತ ನೀವು ಬರೆದಿಲ್ಲ. ಆದರೆ ಕೊಡಗಿನ ಮದುವೆ ಅಲ್ವಾ, ಪಂದಿಕರಿ ಕಡಂಬುಟ್ಟು ಬಿಡುವವರು ಯಾರು! ಕಾಚಂಪುಳಿ ಅನ್ನೋ ಕಪ್ಪು ಹುಳಿ ಹಾಕಿದ ಖಾರದ ಹಂದಿಮಾಂಸ ಹೊಟ್ಟೆ ತುಂಬ ತಿಂದು, ಕೂಡಲೇ ಹೊಟ್ಟೆ ಬಿಗಿಹಿಡಿದು ಮೇಲಿನ ಸ್ವರಕ್ಕೆ ಏರಿದರೆ ಒಳಗಿನ ಹುಳಿ ಮೇಲೆ ಬಂದು ಗಂಟಲನ್ನು ಕೆಣಕಬಹುದು. ಎದೆಯುರಿ ಇಲ್ಲದೆಯೂ ಹೀಗಾಗುತ್ತದೆ. ಹಾಡುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಸ್ವಲ್ಪ ತಿನ್ನಿ, ನಿಮ್ಮ ಪಾಲಿನ ಪಂದಿಕರಿ ತೆಗೆದಿಡಲು ಹೇಳಿ. ಚಳಿಗಾಳಿ, ಸ್ಟೇಜಿನ ಹೊಗೆ ಮೆಷಿನ್ ಕೂಡ ಕೆಮ್ಮು ಎಬ್ಬಿಸುತ್ತವೆ. ಮೆಷಿನ್ ನಿಮ್ಮ ಕಾಲ ಬುಡದಲ್ಲಿದ್ದರೆ ದೂರ ಇಡಿಸಿ.

ಕೆರೆತ ಶುರುವಾದ ಕ್ಷಣ ಉಗುಳು ನುಂಗಿ, ಇಲ್ಲವೇ ಒಂದು ಗುಟುಕು ನೀರು. ಮೂಗಿನಿಂದ ನಿಧಾನ ಉಸಿರು. ಆದರೂ ಬಂದರೆ ಮೈಕ್ ಪಕ್ಕಕ್ಕೆ ತಿರುಗಿಸಿ ಕೆಮ್ಮಿಬಿಡಿ, ಅದರಲ್ಲೇನು ನಾಚಿಕೆ? ಕ್ಯಾಕರಿಸಬೇಡಿ ಅಷ್ಟೇ. ಹಾಗೆ ಮಾಡಿದಾಗ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಕೆರಳುತ್ತವೆ, ಮತ್ತೆ ಕ್ಯಾಕರಿಸಬೇಕು ಅನ್ನಿಸುತ್ತದೆ.

ಇದಕ್ಕಿಂತ ಮುಖ್ಯ, ಕೀಬೋರ್ಡಿನವರ ಜೊತೆ ಒಂದು ಸನ್ನೆ ಮಾತಾಡಿಕೊಳ್ಳಿ. ನೀವು ಬೆನ್ನ ಹಿಂದೆ ಕೈ ತೋರಿಸಿದರೆ ಅವರು ಬಿಜಿಎಂ, ಅಂದರೆ ಹಾಡಿನ ನಡುವಿನ ಬರೀ ವಾದ್ಯದ ಭಾಗ, ಇನ್ನೊಂದು ಸುತ್ತು ನುಡಿಸಬೇಕು. ಪ್ರಾಕ್ಟೀಸಿನಲ್ಲಿ ಬೇಕಂತಲೇ ಹಾಡು ನಿಲ್ಲಿಸಿ ಇದನ್ನು ನಾಲ್ಕೈದು ಸಲ ಮಾಡಿ ನೋಡಿ, ಭಯ ಅರ್ಧ ಇಳಿಯುತ್ತದೆ. ಕೆಳಗೆ ಕುಣಿಯುತ್ತಿರುವವರಿಗೆ ಇದೆಲ್ಲ ಗೊತ್ತೂ ಆಗುವುದಿಲ್ಲ.

ನೀರಿನ ವಿಷಯ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದೇ ಇಲ್ಲ, ಮುಟ್ಟಿದರೆ ನೆತ್ತಿಗೇರುತ್ತದೆ! ಅದು ಮೈಗೆ ಸೇರಿಯೇ ಅಲ್ಲಿಗೆ ಹೋಗಬೇಕು, ಹಾಗಾಗಿ ಸಂಜೆಯ ಕಾರ್ಯಕ್ರಮಕ್ಕೆ ಬೆಳಗ್ಗೆಯಿಂದಲೇ ಕುಡಿಯುತ್ತಿರಿ. ಬಿಸಿನೀರಿನ ಹಬೆ ಮಾತ್ರ ನೇರವಾಗಿ ತಲುಪುತ್ತದೆ. ಮೆಂಥಾಲ್ ಇರುವ ಗುಳಿಗೆ ತಣ್ಣಗೆ ಅನ್ನಿಸಿದರೂ ಕೆಲವರಿಗೆ ಗಂಟಲು ಒಣಗಿಸುತ್ತದೆ.

ಆದರೆ ಒಂದು ಸಂದರ್ಭದಲ್ಲಿ ಮೇಲೆ ಹೇಳಿದ್ದು ಯಾವುದೂ ಬೇಡ. ಜೋರಾಗಿ ಕೆಮ್ಮಿದಾಗಲೋ ಮೇಲಿನ ಸ್ವರ ಹಿಡಿದಾಗಲೋ ಸ್ವಿಚ್ ಆರಿಸಿದ ಹಾಗೆ ಧ್ವನಿ ಹೋಯಿತೆಂದರೆ ತಂತುವಿನ ಸಣ್ಣ ರಕ್ತನಾಳ ಒಡೆದಿರಬಹುದು. ನೋವೇ ಇರುವುದಿಲ್ಲ ಎಷ್ಟೋ ಸಲ, ಅದಕ್ಕೇ ಜನ ಹಾಡುತ್ತಲೇ ಇರುತ್ತಾರೆ. ನೀವು ಆ ಹಾಡನ್ನು ಅಲ್ಲಿಗೇ ಬಿಟ್ಟು ಇಳಿಯಿರಿ. ಪಿಸುಗುಟ್ಟುವುದೂ ಬೇಡ, ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿ. ಮರುದಿನವೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಕ್ಯಾಮೆರಾ ಹಾಕಿ ನೋಡುತ್ತಾರೆ. ಗೊಗ್ಗರು ಧ್ವನಿ ಮೂರು ವಾರವಾದರೂ ಬಿಡದಿದ್ದರೆ, ಆಗಲೂ ಅಷ್ಟೇ.