ಯುಬಿಹೀಬಿ ಕ್ರೇಟರ್‌ಗೆ ಒಂದೇ ಗಂಟೆ ಇದ್ದರೆ ತಳಕ್ಕೆ ಇಳಿಯಬೇಡಿ

ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿ ಡೆತ್ ವ್ಯಾಲಿಯಲ್ಲಿರುವ ಜ್ವಾಲಾಮುಖಿ ಕುಳಿ ಯುಬಿಹೀಬಿ ಕ್ರೇಟರ್‌ನಲ್ಲಿ ಒಂದು ಗಂಟೆಯೊಳಗೆ ತಳಕ್ಕೆ ಇಳಿದು ಬರಬಹುದಾ ಅಂತ ಕೇಳಿದ್ದೀರಿ. ನಾನೂ ನನ್ನ ತಂಗಿಯೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದೆವು. ಪಾರ್ಕಿಂಗ್ ಕುಳಿಯ ಅಂಚಿನಲ್ಲೇ ಇದೆ. ತಳಕ್ಕೆ ನೇರವಾಗಿ ಇಳಿಯುವ ಕಾಲುದಾರಿ ಮೇಲಿಂದಲೇ ಕಾಣುತ್ತದೆ, ನೋಡಿದ ಕೂಡಲೇ ಇಳಿಯೋಣ ಅನ್ನಿಸುತ್ತದೆ.

ಇಳಿಯುವುದು ನಿಜಕ್ಕೂ ಸುಲಭ. ನೆಲವೆಲ್ಲ ಬೂದಿ, ಸಣ್ಣ ಕರಿ ಕಲ್ಲುಚೂರು. ಹಿಮ್ಮಡಿ ಊರಿದರೆ ಸಾಕು, ನೆಲವೇ ಕೆಳಗೆ ಜಾರಿಸಿಕೊಂಡು ಹೋಗುತ್ತದೆ. ನಾನು ತಪ್ಪಿದ್ದು ಇಲ್ಲೇ. ಇಳಿಯಲು ಹಿಡಿದದ್ದರ ಎರಡರಷ್ಟು ಸಮಯದಲ್ಲಿ ಹತ್ತಿಬಿಡುತ್ತೇವೆ ಅಂದುಕೊಂಡೆ, ಅದೇ ಲೆಕ್ಕದಲ್ಲಿ ಇಬ್ಬರಿಗೂ ಸೇರಿ ಒಂದು ಸಣ್ಣ ಬಾಟಲಿ ನೀರು ಹಿಡಿದು ಉಳಿದದ್ದನ್ನು ಕಾರಿನಲ್ಲಿ ಬಿಟ್ಟೆ. ಆಳ ಸುಮಾರು 180 ಮೀಟರ್. ಗಟ್ಟಿ ನೆಲವಾಗಿದ್ದರೆ ಏದುಸಿರು ಬಿಟ್ಟಾದರೂ ಹತ್ತಬಹುದಿತ್ತು. ಈ ಸಡಿಲ ಚೂರಿನಲ್ಲಿ ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ವಾಪಸ್, ಅಂದರೆ ಅದೇ ಏರನ್ನು ಕಾಲು ಎರಡು ಸಲ ಹತ್ತಿದ ಹಾಗೆ. ಅಂಚಿನಲ್ಲಿ ಟೋಪಿ ಹಾರಿಸುವಂಥ ಗಾಳಿ ಇತ್ತು. ಒಣ ಹವೆಯಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಕುಳಿಯೊಳಗೆ ಆ ಗಾಳಿಯೂ ಇರಲಿಲ್ಲ, ಕರಿ ನೆಲ ಕಾದಿತ್ತು. ಅರ್ಧ ಏರುವಷ್ಟರಲ್ಲಿ ಬಾಟಲಿ ಖಾಲಿ, ತಂಗಿಗೆ ತಲೆಸುತ್ತು. ಕೂರಿಸೋಣ ಅಂದರೆ ಎಲ್ಲೂ ನೆರಳಿಲ್ಲ. ಇಳಿದು ಬರುತ್ತಿದ್ದವರು ಯಾರೋ ತಮ್ಮ ನೀರು ಕೊಟ್ಟರು, ಇಲ್ಲದಿದ್ದರೆ ಏನಾಗುತ್ತಿತ್ತೋ. ಮೇಲೆ ಬಂದಮೇಲೆ ಅವಳಿಗೆ ಕಾರಿನಿಂದ ಇಳಿಯುವ ಶಕ್ತಿಯೂ ಇರಲಿಲ್ಲ, ಅವತ್ತಿನ ಉಳಿದ ಸುತ್ತಾಟವೆಲ್ಲ ಅಲ್ಲಿಗೇ ನಿಂತಿತು.

ತಳ ಮುಟ್ಟದೆ ಬಂದರೆ ನೋಡಿದ ಹಾಗಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದೇ ಇಲ್ಲ. ಇದು ಲಾವಾ ಹರಿದು ಆದ ಜಾಗ ಅಲ್ಲ. ಕೆಳಗಿನಿಂದ ಏರಿ ಬಂದ ಶಿಲಾಪಾಕ (ಕರಗಿದ ಬಂಡೆ) ನೆಲದೊಳಗಿನ ನೀರಿಗೆ ತಾಗಿ, ನೀರು ಒಮ್ಮೆಗೇ ಆವಿಯಾಗಿ ಸಿಡಿದದ್ದು, ಸುಮಾರು 2,100 ವರ್ಷಗಳ ಹಿಂದೆ. ಆ ಸಿಡಿತ ಹಳೆಯ ನೆಲವನ್ನೇ ಸೀಳಿದ್ದರಿಂದ ಕಿತ್ತಳೆ ಬಣ್ಣದ ಪದರಗಳು ಎದುರು ಗೋಡೆಯಲ್ಲಿ ಬಯಲಾಗಿವೆ, ಅದರ ಮೇಲೆ ಕರಿಬೂದಿಯ ಹೊದಿಕೆ. ಇದೆಲ್ಲ ಒಟ್ಟಿಗೆ ಕಾಣುವುದು ಅಂಚಿನಿಂದಲೇ. ತಳದಲ್ಲಿರುವುದು ಮಳೆನೀರು ನಿಂತು ಒಣಗಿ ಬಿರುಕುಬಿಟ್ಟ ಕೆಸರು ಅಷ್ಟೇ.

ಪಾರ್ಕಿಂಗ್‌ನಿಂದ ಬಲಕ್ಕೆ ಅಂಚು ಹಿಡಿದು ಹೋಗಿ. ಮೊದಲು ಸ್ವಲ್ಪ ಏರು, ಆಮೇಲೆ ಸುಮಾರು 800 ಮೀಟರ್‌ನಲ್ಲಿ ಲಿಟಲ್ ಹೀಬಿ ಅನ್ನುವ ಚಿಕ್ಕ ಕುಳಿ ಸಿಗುತ್ತದೆ, ನಿಮ್ಮ ಗಂಟೆಗೆ ಅದು ಸರಿಯಾಗುತ್ತದೆ. ಅಂಚಿನ ತುದಿಗೆ ಹೋಗಿ ಫೋಟೊ ತೆಗೆಯಬೇಡಿ, ಅಲ್ಲಿ ಕಲ್ಲು ಗಟ್ಟಿ ಇಲ್ಲ. ಕ್ರೇಟರ್ ಹತ್ತಿರ ನೀರು ಸಿಗುವುದಿಲ್ಲ, ಮೊದಲೇ ತುಂಬಿಕೊಂಡು ಹೋಗಿ, ನಡೆಯುವಾಗ ಬೆನ್ನಿಗೇ ಹಾಕಿಕೊಳ್ಳಿ. ಬೇಸಿಗೆ ಆದರೆ ಬೆಳಿಗ್ಗೆ 10ರೊಳಗೆ ಮುಗಿಸಿ.

ಇನ್ನು ಅದೇ ದಿನ ಒಣಗಿದ ಕೆರೆಯಂಗಳವಾದ ರೇಸ್‌ಟ್ರ್ಯಾಕ್‌ಗೂ ಹೋಗುತ್ತೇವೆ ಅಂದಿದ್ದೀರಿ. ಕ್ರೇಟರ್ ಹತ್ತಿರದಿಂದಲೇ ಹೊರಡುವ ಆ ರಸ್ತೆ 40 ಕಿಲೋಮೀಟರ್‌ಗೂ ಜಾಸ್ತಿ, ಪೂರ್ತಿ ಜಲ್ಲಿಕಲ್ಲು, ಬಾಡಿಗೆ ಸೆಡಾನ್‌ಗೆ ಅಲ್ಲ. ಅದನ್ನು ಬಿಟ್ಟುಬಿಡಿ.