ಅಕ್ಟೋಬರಿನ ಬೇಟೆಯೂ ಕುಡಿಯುವ ನೀರೂ: ಕೊಲೊರಾಡೊಕ್ಕೆ ಹೊಸದಾಗಿ ಬಂದ ಕುಮಟೆಯ ತಮ್ಮನಿಗೆ

ಕಚೇರಿಯ ಗೆಳೆಯರು ಅಕ್ಟೋಬರಿನಲ್ಲಿ ಸ್ಯಾನ್ ವಾನ್ ಪರ್ವತಗಳಿಗೆ ಐದು ದಿನದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಕರೆದಿದ್ದಾರೆಂದೂ, ರಸ್ತೆ ಬಿಟ್ಟು ಅಷ್ಟು ದೂರ ನಡೆದ ಮೇಲೆ ಕುಡಿಯುವ ನೀರಿಗೆ ಏನು ಮಾಡುವುದೆಂದೂ ಕೇಳಿದ್ದೀರಿ. ಜೊತೆಗೆ ಮನೆ ಬಾಡಿಗೆ, ಚಳಿಯ ಬಟ್ಟೆ, ಬಂದೂಕಿನ ಕಾನೂನಿನ ಪ್ರಶ್ನೆಗಳೂ ಇವೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೆಲಸಕ್ಕೆ ಹತ್ತಿರವಿರಿ. ಬಟ್ಟೆ ಇಲ್ಲಿಯೇ ಕೊಳ್ಳಿ; ಕಾಡಿಗೆ ಉಣ್ಣೆಯದಾಗಲಿ, ಹತ್ತಿಯದು ಬೇಡ. ಬಂದೂಕಿನ ವಿಷಯ ಮಾತ್ರ ಹಗುರವಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಇಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಬೇಟೆ ಶಿಕ್ಷಣದ ತರಗತಿ ಮುಗಿಸಿ, ನಿಮ್ಮ ಹೆಸರಿನ ಪರವಾನಗಿ ಬರುವವರೆಗೆ ಗೆಳೆಯರ ಬಂದೂಕನ್ನು ಮುಟ್ಟಲೂ ಬೇಡಿ.

ಇನ್ನು ನೀರು. ಶಿರಸಿಯ ಕಡೆ ದೀಪಾವಳಿಯ ಹೊತ್ತಿಗೆ ಯಾವ ಬೆಟ್ಟ ಇಳಿದರೂ ಬುಡದಲ್ಲಿ ಹಳ್ಳ ಹರಿಯುತ್ತಿರುತ್ತದೆ, ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೇ ಬಂದು ಬೀಳುತ್ತಿರುತ್ತದೆ. ನಮಗೆ ನೀರಿನ ಚಿಂತೆ ಹತ್ತುವುದು ಏಪ್ರಿಲ್, ಮೇ ತಿಂಗಳಲ್ಲಿ. ಇಲ್ಲಿಯ ತೊರೆಗಳು ಹಿಮದ ಮಕ್ಕಳು. ಮೇ, ಜೂನಿನಲ್ಲಿ ತುಂಬಿ ಹರಿದು, ಜುಲೈ, ಆಗಸ್ಟಿನ ಗುಡುಗುಮಳೆಯಲ್ಲಿ ಸ್ವಲ್ಪ ಚೇತರಿಸಿಕೊಂಡು, ಬೇಟೆಯ ಕಾಲಕ್ಕೆ ಸಣ್ಣವು ಹೆಚ್ಚಾಗಿ ಬತ್ತಿರುತ್ತವೆ. ಇಲ್ಲಿಯ ಜಲತಜ್ಞರು ನೀರಿನ ವರ್ಷವನ್ನು ಅಕ್ಟೋಬರ್ 1ರಿಂದ ಎಣಿಸುತ್ತಾರೆ. ಅಂದರೆ ನೀವು ಕಾಡಿಗೆ ಕಾಲಿಡುವುದು ಹಳೆಯ ವರ್ಷದ ನೀರು ತಳ ಕಂಡಾಗ. ನಮ್ಮ ಕಡೆಯಿಂದ ಬಂದವರು ಎಡವುವುದು ಇಲ್ಲಿಯೇ. ಹಸಿರು ಕಾಡು ಕಂಡರೆ ನೀರಿದೆ ಎಂದು ನಮ್ಮ ಮನಸ್ಸು ತಾನಾಗಿ ನಂಬಿಬಿಡುತ್ತದೆ.

ನಾನು ಬಂದ ಮೊದಲ ವರ್ಷ ಒಂದು ತಂಡದೊಡನೆ ಹೋಗಿದ್ದೆ. ನಕ್ಷೆಯಲ್ಲಿ ಒರತೆಯ ಗುರುತಿದ್ದ ಜಾಗವನ್ನು ನೆಚ್ಚಿ ದಿನವಿಡೀ ಏರಿ, ಕತ್ತಲಾಗುವ ಹೊತ್ತಿಗೆ ತಲುಪಿದಾಗ ಅಲ್ಲಿದ್ದದ್ದು ಬಿರುಕು ಬಿಟ್ಟ ಕೆಸರು, ಅದರಲ್ಲಿ ಒಣಗಿ ಗಟ್ಟಿಯಾದ ಗೊರಸಿನ ಗುರುತುಗಳು. ಬಾಟಲಿಗಳಲ್ಲಿ ಉಳಿದಿದ್ದು ತಲಾ ಎರಡು ಗುಟುಕು. ಬ್ಯಾಟರಿಯ ಬೆಳಕಿನಲ್ಲಿ ಕಲ್ಲುದಾರಿ ಇಳಿದು ಕಣಿವೆಯ ಹೊಳೆ ಮುಟ್ಟುವಾಗ ನಡುರಾತ್ರಿ ಕಳೆದಿತ್ತು. ತಂಡದ ಒಬ್ಬರು ಬಾಯಾರಿಕೆ ತಾಳಲಾರದೆ ಹಾಗೆಯೇ ಬೊಗಸೆಯಲ್ಲಿ ಕುಡಿದರು, ಮುಂದಿನ ವಾರ ಜಿಯಾರ್ಡಿಯಾ ಎಂಬ ಹೊಟ್ಟೆಯ ಸೋಂಕು ಹಿಡಿದು ಹಾಸಿಗೆಯಲ್ಲಿ ಮಲಗಿದರು. ಹರಿಯುವ ನೀರಿಗೆ ದೋಷವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ದನ, ಎಲ್ಕ್, ಬೀವರ್‌ಗಳು ಓಡಾಡುವ ನೀರಿಗೆ ಸಲ್ಲುವುದಿಲ್ಲ.

ಆದ್ದರಿಂದ ಹೊರಡುವ ಮೊದಲು ಸರ್ಕಾರಿ ಭೂನಕ್ಷೆ ಹರಡಿಕೊಂಡು ಕುಳಿತುಕೊಳ್ಳಿ. ಅಖಂಡ ನೀಲಿ ಗೆರೆ ವರ್ಷವಿಡೀ ಹರಿಯುವ ತೊರೆ, ತುಂಡು ಗೆರೆ ಕೆಲಕಾಲ ಮಾತ್ರ ಹರಿಯುವುದು. ತುಂಡು ಗೆರೆಯನ್ನು ಅಕ್ಟೋಬರಿನಲ್ಲಿ ಇಲ್ಲವೆಂದೇ ತಿಳಿಯಿರಿ. ಸೆಪ್ಟೆಂಬರಿನ ಉಪಗ್ರಹ ಚಿತ್ರದಲ್ಲಿ ಕಂದು ಹುಲ್ಲಿನ ನಡುವೆ ಹಸಿರು ಪಟ್ಟಿ ಉಳಿದಿದೆಯೇ ನೋಡಿ, ಆ ವಲಯದ ಅರಣ್ಯ ಕಚೇರಿಗೆ ಫೋನ್ ಮಾಡಿ ಯಾವ ಒರತೆ ಈಗಲೂ ಜೀವಂತವಾಗಿದೆ ಎಂದು ಕೇಳಿ. ಕಾಡಿನೊಳಗೆ ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳನ್ನು ಮೊದಲು ಹುಡುಕಿ. ಅಲ್ಲಿ ಹಿಮ ತಡವಾಗಿ ಕರಗುವುದರಿಂದ ಒರತೆ ಹೆಚ್ಚು ಕಾಲ ಉಳಿಯುತ್ತದೆ. ಕಡಿದಾದ ಇಳಿಜಾರು ಸಮತಟ್ಟಾಗುವಲ್ಲಿ ನೀರಿನ ಬಳಿ ಬೆಳೆಯುವ ವಿಲ್ಲೋ ಪೊದೆ ದಟ್ಟವಾಗಿದ್ದರೆ, ಪ್ರಾಣಿಗಳ ಸವೆದ ದಾರಿಗಳು ಅತ್ತಲೇ ಕೂಡಿಕೊಳ್ಳುತ್ತಿದ್ದರೆ, ಅದು ಒಳ್ಳೆಯ ಸೂಚನೆ. ಎಲ್ಕ್‌ಗಳು ಹೊರಳಾಡಿದ ಕೆಸರುಗುಂಡಿಯನ್ನು ಬಿಟ್ಟು, ಅದಕ್ಕಿಂತ ಮೇಲೆ ನೀರು ಹುಟ್ಟುವ ಕಡೆ ಜಲ್ಲಿ ಸರಿಸಿ ಸಣ್ಣ ಕುಳಿ ಮಾಡಿ, ಬಗ್ಗಡ ತಿಳಿಯಾಗುವವರೆಗೆ ಕಾಯಿರಿ.

ನಮ್ಮ ಕೇರಿಯ ಹಿರಿಯರೊಬ್ಬರು ಬೇಸಿಗೆಯಲ್ಲಿ ಬೆಟ್ಟದ ಒರತೆಯನ್ನು ಹೀಗೆಯೇ ಬಿಡಿಸುತ್ತಿದ್ದರು. ತರಗೆಲೆ ತೆಗೆದು, ಅಂಗೈ ಮಣ್ಣಿನ ಮೇಲಿಟ್ಟು ಸುಮ್ಮನೆ ಕೂತು, ಆಮೇಲೆ ಒಂದೇ ಕಡೆ ಕೆದಕುತ್ತಿದ್ದರು. ನೀರು ಬಂದೇ ಬರುತ್ತಿತ್ತು. ಅಂಗೈಗೆ ಏನು ತಿಳಿಯುತ್ತಿತ್ತೆಂದು ನಾನು ಕೇಳಲಿಲ್ಲ, ಈಗ ಅವರಿಲ್ಲ. ಈ ದೂರದ ಕಾಡಿನಲ್ಲಿ ಜಲ್ಲಿ ಸರಿಸುವಾಗಲೆಲ್ಲ ಆ ಕೊರತೆ ನನ್ನನ್ನು ಕಾಡುತ್ತದೆ.

ದಿನಕ್ಕೆ ಅಡುಗೆಯೂ ಸೇರಿ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಐದು ದಿನಕ್ಕೆ ಇಪ್ಪತ್ತು ಕಿಲೋ ಭಾರ, ಹೊರಲಾಗದು. ಸಿಕ್ಕ ನೀರನ್ನು ಕುದಿಸಿಯೇ ಕುಡಿಯಿರಿ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಯಬೇಕು. ನೀರು ಸೋಸಲು ಟೊಳ್ಳು ನೂಲಿನ (ಹಾಲೋ ಫೈಬರ್) ಫಿಲ್ಟರ್ ಒಯ್ದರೂ, ಅದು ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳಿ ಕೆಡಬಹುದು, ಹೊರಗೆ ಏನೂ ಕಾಣುವುದಿಲ್ಲ. ರಾತ್ರಿ ಹಾಸಿಗೆಯ ಒಳಗಿಟ್ಟುಕೊಳ್ಳಿ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮಂಜುಗಡ್ಡೆ ಬಾಯಿಯ ಕಡೆ ಕಟ್ಟುವುದಿಲ್ಲ. ಕಲ್ಲುಗಳಿಗೆ ಕಿತ್ತಳೆ ಬಣ್ಣದ ಲೇಪ ಹತ್ತಿದ ತೊರೆಯನ್ನು ಮಾತ್ರ ದಾಟಿ ಮುಂದೆ ಹೋಗಿ. ಅದು ಹಳೆಯ ಗಣಿಗಳ ನೀರಿರಬಹುದು, ಅದರ ಲೋಹ ಕುದಿಸಿದರೂ ಹೋಗುವುದಿಲ್ಲ. 2015ರ ಆಗಸ್ಟಿನಲ್ಲಿ ಗೋಲ್ಡ್ ಕಿಂಗ್ ಗಣಿಯ ನೀರು ಒಡೆದು ಅನಿಮಾಸ್ ನದಿಯೇ ಅರಿಸಿನ ಬಣ್ಣಕ್ಕೆ ತಿರುಗಿದ್ದು ಇದೇ ಸೀಮೆಯಲ್ಲಿ.

ಬಿಡಾರವನ್ನು ನೀರಿನಿಂದ ಅರವತ್ತು ಮೀಟರ್ ದೂರ ಹೂಡಿ, ಎಲ್ಕ್‌ಗೂ ದಾರಿ ಬಿಡಿ. ಹೊತ್ತ ನೀರು ಅರ್ಧಕ್ಕೆ ಬಂದಾಗಲೂ ಹೊಸ ನೀರು ಕಣ್ಣಿಗೆ ಬೀಳದಿದ್ದರೆ, ಗೆಳೆಯರು ಏನೇ ಹೇಳಲಿ, ಇಳಿಯಿರಿ. ಯಾವ ಕಣಿವೆಗೆ ಹೋಗುವುದೆಂದು ನಿಶ್ಚಯವಾದ ಕೂಡಲೇ ಬರೆಯಿರಿ. ಅಕ್ಟೋಬರಿನಲ್ಲಿ ನಾನು ಕಣ್ಣಾರೆ ನೀರು ಕಂಡ ಜಾಗಗಳನ್ನು ನಿಮ್ಮ ನಕ್ಷೆಯಲ್ಲಿ ಗುರುತು ಹಾಕಿ ಕಳಿಸುತ್ತೇನೆ.