ಹಿಮ ಬಿದ್ದಾಗ ಬೇಸಿಗೆ ಶಿಬಿರ

ಪ್ರಶ್ನೆ: ಅಮೆರಿಕದಲ್ಲಿ ಮಕ್ಕಳು ರಜೆಗೆ ಹೋಗಿ ಇರುವ ಸಮ್ಮರ್ ಕ್ಯಾಂಪ್ ಒಂದರ ಫೋಟೋ ನೋಡಿದೆ. ತೆಗೆದದ್ದು ಜನವರಿಯಲ್ಲಂತೆ. ಸರೋವರ ಹೆಪ್ಪುಗಟ್ಟಿದೆ, ದೋಣಿಗಳ ಮೇಲೆ ಹಿಮ, ಮರದ ಮನೆಗಳಿಗೆಲ್ಲ ಬೀಗ. ಮಕ್ಕಳಿಲ್ಲದ ಜಾಗ ನೋಡಿ ಬೇಜಾರಾಗಬೇಕಿತ್ತು, ಅಲ್ವಾ? ಆದರೆ ಎಷ್ಟು ಹೊತ್ತು ನೋಡಿದರೂ ಸಾಕೆನಿಸಲಿಲ್ಲ. ಇದು ಬರೀ ಫೋಟೋದ ಚೆಂದವೋ, ಅಲ್ಲಿ ನಿಂತರೂ ಹಾಗೇ ಅನಿಸುತ್ತದೋ?

ಉತ್ತರ: ಅಲ್ಲಿ ನಿಂತರೆ ಇನ್ನೂ ಜಾಸ್ತಿ ಅನಿಸುತ್ತದೆ. ಅಲ್ಲಿನ ಮೌನ ಫೋಟೋದಲ್ಲಿ ಸಿಗುವುದಿಲ್ಲ ನೋಡಿ. ಆ ಮೌನ ಬರೀ ಜನರಿಲ್ಲ ಎಂಬ ಕಾರಣಕ್ಕೆ ಬಂದದ್ದೂ ಅಲ್ಲ. ಆಗಷ್ಟೇ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಸದ್ದು ಆ ಸಣ್ಣ ಸಣ್ಣ ಸಂದುಗಳೊಳಗೆ ಹೊಕ್ಕು ಅಲ್ಲೇ ಅಡಗಿಹೋಗುತ್ತದೆ. ನಾಲ್ಕು ದಿನ ಕಳೆದು, ಹಿಮ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಯಿತೆಂದರೆ ಅದೇ ಜಾಗದಲ್ಲಿ ಸದ್ದು ಚುರುಕಾಗಿ ಕೇಳತೊಡಗುತ್ತದೆ. ಹಾಗಾಗಿ ಹಿಮ ಬಿದ್ದ ಮರುದಿನ ಬೆಳಿಗ್ಗೆಯೇ ಹೋಗಬೇಕು.

ಸಮ್ಮರ್ ಕ್ಯಾಂಪ್ ಎಂದರೆ ಗದ್ದಲಕ್ಕೆಂದೇ ಕಟ್ಟಿದ ಜಾಗ. 1861ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಶಾಲಾ ಮೇಷ್ಟ್ರು ಫ್ರೆಡರಿಕ್ ಗನ್ ತಮ್ಮ ಹುಡುಗರನ್ನು ಸಮುದ್ರದ ದಡಕ್ಕೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದರು. ಆ ದೇಶದ ಕ್ಯಾಂಪ್‌ಗಳ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಊಟದ ಗಂಟೆ, ಈಜು, ಬೆಂಕಿಯ ಸುತ್ತ ಹಾಡು, ಎಲ್ಲಕ್ಕೂ ಅಲ್ಲಿ ಒಂದೊಂದು ಜಾಗವಿದೆ. ಚಳಿಗಾಲದಲ್ಲಿ ಆ ಗಂಟೆ ತಲೆಯ ಮೇಲೆ ಹಿಮದ ಟೋಪಿ ಇಟ್ಟುಕೊಂಡು ಸುಮ್ನೆ ತೂಗಿಕೊಂಡಿರುತ್ತದೆ. ಬೆಂಕಿ ಹಾಕುವ ಜಾಗದ ಸುತ್ತ ಇರುವ ದಿಮ್ಮಿಗಳು ಬಿಳಿ ಉಬ್ಬುಗಳಾಗಿರುತ್ತವೆ. ಯಾರು ಎಲ್ಲಿ ಕೂರುತ್ತಿದ್ದರು ಎಂದು ಆ ಉಬ್ಬುಗಳನ್ನು ನೋಡಿಯೇ ಊಹಿಸಬಹುದು.

ಬೇಜಾರು ಯಾಕಾಗಲಿಲ್ಲ ಎಂದು ಕೇಳಿದಿರಿ. ಪಾಳುಬಿದ್ದ ಮನೆಯೇ ಬೇರೆ, ಬೀಗ ಹಾಕಿಕೊಂಡು ಹೋದ ಮನೆಯೇ ಬೇರೆ. ನೀವು ನೋಡಿದ್ದು ಎರಡನೆಯದು. ದೋಣಿಗಳನ್ನು ಯಾರೋ ಒಂದೊಂದಾಗಿ ಮಗುಚಿ ಇಟ್ಟಿದ್ದಾರೆ. ದೋಣಿಕಟ್ಟೆಯ ಹಲಗೆಗಳನ್ನು ಮಂಜುಗಡ್ಡೆ ತಳ್ಳಿ ಮುರಿಯದಿರಲಿ ಎಂದು ಮೊದಲೇ ದಡಕ್ಕೆ ಎಳೆದಿರುತ್ತಾರೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುತ್ತದೆ, ಪೈಪು ಒಡೆದುಹೋಗುತ್ತದೆ. ಅದಕ್ಕೇ ಪೈಪುಗಳಲ್ಲಿನ ನೀರನ್ನೆಲ್ಲ ಬಸಿದಿರುತ್ತಾರೆ. ಚಳಿಗೆ ಮೊದಲೇ ಎಲ್ಲವನ್ನೂ ಮುಚ್ಚಿಟ್ಟು ಹೋದ ಆ ಕೈಗಳು ನಿಮ್ಮ ಫೋಟೋದಲ್ಲಿ ಕಾಣದಿದ್ದರೂ ಇವೆ. ನನಗಂತೂ ಅಲ್ಲಿ ಅತ್ಯಂತ ಚೆಂದ ಅನಿಸುವುದು ಇದೇ.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ಎಲೆಗಳು ಎಲ್ಲವನ್ನೂ ಮರೆ ಮಾಡಿರುತ್ತವೆ. ಎಲೆ ಉದುರಿದ ಮೇಲೆ ಮನೆಯಿಂದ ಮನೆಗೆ, ಮನೆಗಳಿಂದ ನೀರಿಗೆ ಹೋಗುವ ದಾರಿಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ವರ್ಷಗಟ್ಟಲೆ ಅಲ್ಲಿಗೆ ಹೋದ ಮಕ್ಕಳೂ ತಮ್ಮ ಕ್ಯಾಂಪನ್ನು ಹಾಗೆ ಇಡಿಯಾಗಿ ನೋಡಿರುವುದಿಲ್ಲ! ಮೆಟ್ಟಿಲ ಮೇಲೆ ಈಗ ಮೊಲದ ಹೆಜ್ಜೆ. ಹಿಮದಡಿಯಲ್ಲಿ, ನೆಲಕ್ಕೆ ತಾಗಿದಂತೆ, ಇಲಿಗಳು ಸುರಂಗ ಮಾಡಿಕೊಂಡು ಬೆಚ್ಚಗೆ ಓಡಾಡುತ್ತಿರುತ್ತವೆ. ಇನ್ನು ಸರೋವರದಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನ ನೀರು ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಇಳಿಯುತ್ತದೆ. ಮೀನುಗಳು ಅಲ್ಲೇ, ಮಂಜುಗಡ್ಡೆಯ ಛಾವಣಿಯ ಕೆಳಗೆ, ಚಳಿಗಾಲ ಕಳೆಯುತ್ತವೆ.

ಹೋಗುವ ಅವಕಾಶ ಸಿಕ್ಕರೆ ನೋಡಿಕೊಳ್ಳುವವರನ್ನು ಕೇಳಿಯೇ ಒಳಗೆ ಹೋಗಿ. ಸರೋವರದ ಮೇಲೆ ಮಾತ್ರ ನೀವಾಗೇ ಕಾಲಿಡಬೇಡಿ. ತೊರೆ ಬಂದು ಸೇರುವ ಕಡೆ ಮಂಜುಗಡ್ಡೆ ತೆಳುವಾಗಿರುತ್ತದೆ. ದಡದಲ್ಲೇ ಕೂತು ಸಂಜೆಯವರೆಗೆ ಕಾಯಿರಿ. ಬಿಸಿಲು ಇಳಿದು ಚಳಿ ಏರಿದಂತೆ ಮಂಜುಗಡ್ಡೆ ಕುಗ್ಗಿ ಸೀಳು ಬಿಡುತ್ತದೆ. ಆಗ ದೂರದಿಂದ ಒಂದು ಆಳವಾದ ಗುಂಯ್ ಎಂಬ ದನಿ ಸರೋವರದ ಉದ್ದಕ್ಕೂ ಓಡಿಬಂದು, ನಿಮ್ಮ ಕಾಲ ಬುಡದಲ್ಲಿ ನಿಲ್ಲುತ್ತದೆ.